ಫೋಲ್ಡರ್ ದಾಟಿ ಹೋಗುವ ರಿಕ್ವೆಸ್ಟ್: ಪಾತ್ ಟ್ರಾವರ್ಸಲ್ ದೋಷ ಪತ್ತೆ ಮಾಡುವುದು ಹೇಗೆ

ಫೈಲ್ ಕೊಡುವ ಯಾವ ಸಾಫ್ಟ್‌ವೇರ್ ಆದರೂ ಸರಿ, ಅದಕ್ಕೆ ಒಂದು ಫೋಲ್ಡರ್ ಗೊತ್ತು ಮಾಡಿರುತ್ತೇವೆ. ಅದರೊಳಗೆ ಇರುವುದನ್ನು ಮಾತ್ರ ಕೊಡಬೇಕು. ಆದರೆ ಕೇಳುವವರು ಫೈಲ್ ಹೆಸರಿನ ಜಾಗದಲ್ಲಿ ../ ಅಂತ ತುಂಬಿ, ಒಂದೊಂದೇ ಫೋಲ್ಡರ್ ಮೇಲಕ್ಕೆ ಹೋಗಿ, ಸರ್ವರ್‌ನ ಬೇರೆ ಯಾವುದೋ ಫೈಲ್ ಓದಿಕೊಂಡರೆ ಅದೇ ಪಾತ್ ಟ್ರಾವರ್ಸಲ್ (ಪಾತ್ ಅಂದರೆ ಫೈಲ್‌ಗೆ ಹೋಗುವ ದಾರಿ). ದೋಷಗಳ ಪಟ್ಟಿಯಲ್ಲಿ ಇದರ ನಂಬರ್ ಸಿಡಬ್ಲ್ಯುಇ-22. ಇದೇನು ಹೊಸದಲ್ಲ. 2000ದಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ನಲ್ಲಿ ಸಿಕ್ಕಿತ್ತು, ಮರುವರ್ಷ ನಿಮ್ಡಾ ಅನ್ನುವ ವರ್ಮ್ (ತಾನಾಗಿ ಹರಡುವ ವೈರಸ್) ಅದನ್ನೂ ಬಳಸಿಕೊಂಡೇ ಹರಡಿತು. 2021ರಲ್ಲಿ ಅಪಾಚೆ ಸರ್ವರ್‌ನಲ್ಲಿ ಮತ್ತೆ ಬಂತು.

ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರದ ಕಡೆ ಎಷ್ಟೋ ಸಣ್ಣ ಕಂಪನಿಗಳಲ್ಲಿ ಸೆಕ್ಯುರಿಟಿ ಟೀಮ್ ಅಂತ ಇರುವುದಿಲ್ಲ. ವೈಫೈ, ಪ್ರಿಂಟರ್, ಟ್ಯಾಲಿ, ಸರ್ವರ್ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಪೀಣ್ಯದ ಒಂದು ಮಷಿನ್ ಶಾಪ್‌ನ ಡ್ರಾಯಿಂಗ್ ಪೋರ್ಟಲ್ ಇಟ್ಟುಕೊಳ್ಳೋಣ. ಗ್ರಾಹಕರು ಲಾಗಿನ್ ಆಗಿ ಪಿಡಿಎಫ್ ಇಳಿಸಿಕೊಳ್ಳುವ ಸರಳ ವ್ಯವಸ್ಥೆ. ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಹಿಂದೆ ಪೈಥಾನ್ ಆ್ಯಪ್. ಡ್ರಾಯಿಂಗ್‌ಗಳು ಇರುವ ಜಾಗ /ಎಸ್ಆರ್‌ವಿ/ಪೋರ್ಟಲ್/ಡ್ರಾಯಿಂಗ್.

ಮೊದಲು ಲಾಗ್

ಅನುಮಾನ ಬಂದ ತಕ್ಷಣ ಕೋಡ್ ತೆರೆಯಬೇಡಿ. ಸರ್ವರ್ ರೀಸ್ಟಾರ್ಟ್ ಮಾಡಬೇಡಿ. ಮೊದಲು ಲಾಗ್ ಫೈಲ್‌ಗಳನ್ನು (ಬಂದ ರಿಕ್ವೆಸ್ಟ್‌ಗಳನ್ನೆಲ್ಲ ಸರ್ವರ್ ಬರೆದಿಡುವ ಫೈಲ್‌ಗಳು) ಬೇರೆ ಮಷಿನ್‌ಗೆ ಕಾಪಿ ಮಾಡಿಕೊಳ್ಳಿ. ಮುಂದಿನ ಕೆಲಸವೆಲ್ಲ ಆ ಕಾಪಿಯ ಮೇಲೆ.

ಹೀಗೊಂದು ತುಣುಕು ಸಿಕ್ಕಿತು ಅಂದುಕೊಳ್ಳಿ. ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನಿಮ್ಮ ಲಾಗ್‌ನಲ್ಲಿ ಇಂಗ್ಲಿಷ್ ಅಕ್ಷರ ಇರುತ್ತದೆ. ಕೊನೆಯ ಎರಡು ಸಂಖ್ಯೆಗಳು ಸ್ಟೇಟಸ್ (200 ಅಂದರೆ ಕೇಳಿದ್ದು ಕೊಟ್ಟಾಯಿತು ಅಂತ) ಮತ್ತು ಕಳಿಸಿದ ಬೈಟ್‌ಗಳು.

/ಡೌನ್‌ಲೋಡ್?ಫೈಲ್=ಫ್ಲೇಂಜ್-204.ಪಿಡಿಎಫ್ — 200 — 318442
/ಡೌನ್‌ಲೋಡ್?ಫೈಲ್=../../../../ಇಟಿಸಿ/ಪಾಸ್‌ಡಬ್ಲ್ಯುಡಿ — 200 — 1846
/ಡೌನ್‌ಲೋಡ್?ಫೈಲ್=../../../../ಪ್ರೊಕ್/ಸೆಲ್ಫ್/ಎನ್ವಿರಾನ್ — 200 — 0
/ಡೌನ್‌ಲೋಡ್?ಫೈಲ್=../.ಎನ್ವ್ — 200 — 412

ಮೊದಲನೇ ಸಾಲು ಗ್ರಾಹಕರದ್ದು. ಉಳಿದ ಮೂರನ್ನು ನಿಧಾನವಾಗಿ ನೋಡಿ.

ಎರಡನೇ ಸಾಲಿನಲ್ಲಿ ../ ನಾಲ್ಕು ಸಲ ಇದೆ. ಡ್ರಾಯಿಂಗ್ ಫೋಲ್ಡರ್‌ನಿಂದ ರೂಟ್‌ಗೆ (ಎಲ್ಲಕ್ಕೂ ಮೇಲಿನ ಫೋಲ್ಡರ್) ಹೋಗಲು ಮೂರೇ ಸಾಕು. ಆದರೂ ಕೆಲಸ ಆಯಿತು, ಏಕೆಂದರೆ ಲಿನಕ್ಸ್‌ನಲ್ಲಿ ರೂಟ್‌ನ ಮೇಲಿನ ಫೋಲ್ಡರ್ ಅಂದರೆ ಮತ್ತೆ ರೂಟೇ. ಅದಕ್ಕೇ ದಾಳಿ ಮಾಡುವವರು ಎಣಿಸುತ್ತಾ ಕೂರುವುದಿಲ್ಲ, ಸುಮ್ನೆ ಹತ್ತಾರು ಸಲ ಹಾಕಿಬಿಡುತ್ತಾರೆ. 1846 ಬೈಟ್ ಹೊರಗೆ ಹೋಗಿದೆ. ನಿಮ್ಮ ಸರ್ವರ್‌ನಲ್ಲಿ ಆ ಫೈಲ್‌ನ ಸೈಜ್ ಎಷ್ಟಿದೆ ನೋಡಿ. ಸರಿಯಾಗಿ 1846 ಇದ್ದರೆ ಇನ್ನು ಅನುಮಾನ ಬೇಡ, ಫೈಲ್ ಹೋಗಿದೆ.

ಮಾಲೀಕರಿಗೆ ಇದನ್ನು ತೋರಿಸಿದರೆ ಬರುವ ಮೊದಲ ಪ್ರಶ್ನೆ: "ಅಯ್ಯೋ, ಪಾಸ್‌ವರ್ಡ್ ಫೈಲ್ ಹೋಯ್ತಾ ಸರ್? ಎಲ್ಲಾ ಪಾಸ್‌ವರ್ಡ್ ಹೋದಂಗಾಯ್ತಲ್ಲ!" ಇಲ್ಲ. ಈಗಿನ ಲಿನಕ್ಸ್‌ನಲ್ಲಿ ಆ ಫೈಲ್ ಒಳಗೆ ಯೂಸರ್ ಹೆಸರುಗಳಂಥ ವಿವರಗಳಷ್ಟೇ ಇರುತ್ತವೆ, ಪಾಸ್‌ವರ್ಡ್ ಹ್ಯಾಶ್ (ಗೂಢರೂಪಕ್ಕೆ ತಿರುಗಿಸಿದ ಪಾಸ್‌ವರ್ಡ್) ಇರುವುದು ಶ್ಯಾಡೋ ಫೈಲ್‌ನಲ್ಲಿ. ಬಾಗಿಲು ತೆರೆದಿದೆಯಾ ಅಂತ ನೋಡಲು ಎಲ್ಲರೂ ಮೊದಲು ಈ ಫೈಲ್ ಕೇಳುತ್ತಾರೆ, ಅಷ್ಟೇ. ಭಯಪಡಬೇಕಾದ್ದು ನಾಲ್ಕನೇ ಸಾಲು. ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಕೀ, ಸೆಷನ್ ಸೀಕ್ರೆಟ್ (ಲಾಗಿನ್ ಕುಕಿಗೆ ಸಹಿ ಹಾಕುವ ಕೀ) ಎಲ್ಲ ಆ ಎನ್ವ್ ಫೈಲ್‌ನಲ್ಲೇ ಇರುವುದು. ಅದಕ್ಕೆ ಒಂದೇ ಒಂದು ../ ಸಾಕಾಯಿತು.

ಮೂರನೇ ಸಾಲಿನ ಸೊನ್ನೆ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಪ್ರೊಕ್ (ಓಡುತ್ತಿರುವ ಪ್ರೋಗ್ರಾಂಗಳ ವಿವರವನ್ನು ಲಿನಕ್ಸ್ ಫೈಲ್ ರೂಪದಲ್ಲಿ ತೋರಿಸುವ ಜಾಗ) ಒಳಗಿನ ಫೈಲ್‌ಗಳ ಸೈಜ್ ಕೇಳಿದರೆ ಲಿನಕ್ಸ್ ಸೊನ್ನೆ ಅನ್ನುತ್ತದೆ. ಈ ಆ್ಯಪ್ ಸೈಜ್ ನೋಡಿ ಅಷ್ಟೇ ಕಳಿಸುತ್ತದೆ, ಹಾಗಾಗಿ ಏನೂ ಹೋಗಲಿಲ್ಲ. ಫೈಲ್ ಮುಗಿಯುವವರೆಗೂ ಓದಿ ಕಳಿಸುವ ಆ್ಯಪ್ ಆಗಿದ್ದರೆ ಪೂರ್ತಿ ಹೋಗುತ್ತಿತ್ತು.

200 ಕಂಡ ಕೂಡಲೇ ಗಾಬರಿ ಬೀಳಬೇಕಾಗಿಯೂ ಇಲ್ಲ. ಏನು ಕೇಳಿದರೂ ಮುಖಪುಟವನ್ನೇ 200 ಜೊತೆ ಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಅಂಥ ಕಡೆ ಬೈಟ್ ಸಂಖ್ಯೆ ಎಲ್ಲ ಸಾಲಿನಲ್ಲೂ ಒಂದೇ ಇರುತ್ತದೆ. ಸ್ಟೇಟಸ್‌ಗಿಂತ ಸೈಜನ್ನು ನಂಬಿ.

ಇನ್ನು ಗ್ರೆಪ್ ಮಾಡುವ, ಅಂದರೆ ಲಾಗ್‌ನಲ್ಲಿ ಪದ ಹುಡುಕುವ ವಿಷಯ. ಬರೀ ../ ಹುಡುಕಿದರೆ ಸಾಲದು. ಚುಕ್ಕಿಯನ್ನು %2ಇ ಅಂತ, ಸ್ಲ್ಯಾಶ್ ಅನ್ನು %2ಎಫ್ ಅಂತ ಬರೆದು ಕಳಿಸಬಹುದು. ವಿಂಡೋಸ್ ಸರ್ವರ್ ಆದರೆ ಹಿಂದಕ್ಕೆ ವಾಲಿದ ಸ್ಲ್ಯಾಶ್ ಕೂಡ ನಡೆಯುತ್ತದೆ, ಅದು %5ಸಿ. ಶೇಕಡಾ ಚಿಹ್ನೆ ಇರುವ ಸಾಲುಗಳನ್ನೆಲ್ಲ ಎತ್ತಿಕೊಳ್ಳೋಣ ಅಂದರೆ ನಮ್ಮಲ್ಲಿ ಒಂದು ತೊಂದರೆ ಇದೆ. ಗ್ರಾಹಕರು ಫೈಲ್‌ಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಒಂದೊಂದು ಕನ್ನಡ ಅಕ್ಷರವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗಿ, ಲಾಗ್ ತುಂಬಾ %ಇ0%ಬಿ2, %ಇ0%ಬಿ3 ಅಂತ ಕಾಣುತ್ತದೆ. ಅದು ನಮ್ಮ ಭಾಷೆ, ದಾಳಿಯಲ್ಲ. ಅದನ್ನು ಬದಿಗಿಟ್ಟು %2ಇ, ..%2ಎಫ್, ..%5ಸಿ ಮತ್ತು %25 ಹುಡುಕಿ. ಚುಕ್ಕಿಗೆ ಎನ್‌ಕೋಡಿಂಗ್ ಬೇಕಾಗೇ ಇಲ್ಲ, ಯಾವ ಬ್ರೌಸರ್ ಕೂಡ ತಾನಾಗಿ %2ಇ ಕಳಿಸುವುದಿಲ್ಲ. ಅದು ಕಂಡಿತು ಅಂದರೆ ಯಾರೋ ಬೇಕಂತಲೇ ಬರೆದಿದ್ದಾರೆ. %25 ಅಂದರೆ ಶೇಕಡಾ ಚಿಹ್ನೆಯನ್ನೇ ಎನ್‌ಕೋಡ್ ಮಾಡಿದ್ದು, ಎರಡು ಸಲ ಡಿಕೋಡ್ ಆಗಲಿ ಅನ್ನುವ ಆಸೆ. ಜೊತೆಗೆ =/ ಕೂಡ ಹುಡುಕಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಏನೂ ಸಿಗದಿದ್ದರೆ ಲಾಗ್‌ನ ಫಾರ್ಮ್ಯಾಟ್ ನೋಡಿ. ಎಂಜಿನ್‌ಎಕ್ಸ್‌ನಲ್ಲಿ "ರಿಕ್ವೆಸ್ಟ್" ವೇರಿಯಬಲ್ ಬಳಸಿದ್ದರೆ ಬಂದದ್ದು ಬಂದ ಹಾಗೇ ದಾಖಲಾಗುತ್ತದೆ. "ಯುಆರ್‌ಐ" ವೇರಿಯಬಲ್ ಬಳಸಿದ್ದರೆ ../ ಎಲ್ಲ ಬಿಡಿಸಿ ಶುದ್ಧ ಮಾಡಿದ ಪಾತ್ ಮಾತ್ರ ಬರುತ್ತದೆ, ಪ್ರಶ್ನಾರ್ಥಕ ಚಿಹ್ನೆಯ ಮುಂದಿನದು ಬರುವುದೇ ಇಲ್ಲ. ಪೋಸ್ಟ್ ರಿಕ್ವೆಸ್ಟ್‌ನ ಒಳಗಿನದಂತೂ ಎರಡರಲ್ಲೂ ಇರುವುದಿಲ್ಲ, ಅದಕ್ಕೆ ಆ್ಯಪ್‌ನ ಲಾಗ್ ಬೇಕು.

ಟೈಮ್ ಕೂಡ ಗಮನಿಸಿ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿನ ಅಂತರರಾಷ್ಟ್ರೀಯ ಸಮಯ) ಇರುತ್ತವೆ. ನಮ್ಮ ಬೆಳಗಿನ ಜಾವ 2 ಗಂಟೆ ಅಲ್ಲಿ ಹಿಂದಿನ ದಿನದ 20:30. ತಾರೀಕೇ ಬದಲಾಗುತ್ತದೆ.

ಖಚಿತ ಮಾಡಿಕೊಳ್ಳುವುದು

ಪರೀಕ್ಷೆಗೆ ನಿಜವಾದ ಗುಟ್ಟಿನ ಫೈಲ್ ಓದಬೇಡಿ. ಪೋರ್ಟಲ್ ಫೋಲ್ಡರ್‌ನಲ್ಲಿ, ಅಂದರೆ ಡ್ರಾಯಿಂಗ್ ಫೋಲ್ಡರ್‌ಗೆ ಒಂದು ಹಂತ ಹೊರಗೆ, "ಗುರುತು" ಅಂತ ಒಂದು ಫೈಲ್ ಇಡಿ. ಒಳಗೆ ನಿಮಗಷ್ಟೇ ಗೊತ್ತಿರುವ ಒಂದು ಸಾಲು ಬರೆಯಿರಿ. ಆಮೇಲೆ ../ಗುರುತು ಅಂತ ಕೇಳಿ. ಆ ಸಾಲು ವಾಪಸ್ ಬಂದರೆ ದೋಷ ಇದೆ.

ಇಲ್ಲಿ ಎಷ್ಟೋ ಜನ "ನಾನು ಟೆಸ್ಟ್ ಮಾಡಿದೆ, ಏನೂ ಬರಲಿಲ್ಲ" ಅಂತ ಕೈಬಿಡುತ್ತಾರೆ. ಬ್ರೌಸರ್‌ನ ಅಡ್ರೆಸ್ ಬಾರ್‌ನಲ್ಲಿ ಪಾತ್ ಒಳಗೆ ../ ಹೊಡೆದರೆ ಬ್ರೌಸರ್ ಅದನ್ನು ತಾನೇ ಬಿಡಿಸಿ ಕಳಿಸುತ್ತದೆ. ಕಮಾಂಡ್ ಕೊಟ್ಟು ಪುಟ ತರಿಸುವ ಕರ್ಲ್ ಕೂಡ ಹಾಗೇ ಮಾಡುತ್ತದೆ. ನೀವು ಹೊಡೆದದ್ದು ಸರ್ವರ್‌ಗೆ ತಲುಪಿಯೇ ಇರುವುದಿಲ್ಲ. ಕರ್ಲ್‌ಗೆ --ಪಾತ್-ಆಸ್-ಈಸ್ ಅನ್ನುವ ಆಯ್ಕೆ ಕೊಡಿ, ಆಗ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ನಮ್ಮ ಉದಾಹರಣೆಯ ಹಾಗೆ ಪ್ರಶ್ನಾರ್ಥಕ ಚಿಹ್ನೆಯ ಆಚೆಗೆ ಇರುವ ../ ಅನ್ನು ಯಾರೂ ಮುಟ್ಟುವುದಿಲ್ಲ, ಅಲ್ಲಿ ಈ ತೊಂದರೆ ಇಲ್ಲ.

ಇದನ್ನೆಲ್ಲ ನಿಮ್ಮ ಸರ್ವರ್ ಮೇಲೆ ಮಾತ್ರ ಮಾಡಿ, ಇಲ್ಲವೇ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆದು ಮಾಡಿ. ಕಾಲೇಜು ಹುಡುಗರು ಬಗ್ ಬೌಂಟಿ (ದೋಷ ತೋರಿಸಿದರೆ ಸಿಗುವ ಬಹುಮಾನ) ಆಸೆಗೆ ಸಿಕ್ಕ ಸಿಕ್ಕ ಸೈಟ್ ಮೇಲೆ ಪ್ರಯೋಗ ಮಾಡುತ್ತಾರೆ. ಐಟಿ ಕಾಯ್ದೆ 2000ದ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಬುದ್ಧಿವಂತ ಮಕ್ಕಳು ಇದರಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅನ್ನುವುದು ನನ್ನ ನಿಜವಾದ ಕಾಳಜಿ.

ಗುರುತು ಬರಲಿಲ್ಲ ಅಂದರೂ ಇನ್ನೊಂದು ಹೆಜ್ಜೆ ಹೋಗಿ. ಪ್ರೋಗ್ರಾಂ ಲಿನಕ್ಸ್‌ಗೆ ಏನೇನು ಕೇಳುತ್ತದೆ ಅಂತ ತೋರಿಸುವ ಎಸ್‌ಟ್ರೇಸ್ ಅನ್ನು ಆ್ಯಪ್‌ನ ಪ್ರೋಸೆಸ್‌ಗೆ ಹಾಕಿ, ಫೈಲ್ ತೆರೆಯುವ ಓಪನ್‌ಅಟ್ ಕರೆಗಳನ್ನು ಮಾತ್ರ ನೋಡಿ. ಆ್ಯಪ್ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಕೊಟ್ಟ ಪಾತ್ ಕಣ್ಣೆದುರೇ ಕಾಣುತ್ತದೆ. ಅದರಲ್ಲಿ ನೀವು ಹೊಡೆದ ../ ಇನ್ನೂ ಉಳಿದಿದ್ದರೆ, ಅಥವಾ ಪಾತ್ ಡ್ರಾಯಿಂಗ್ ಫೋಲ್ಡರ್‌ನ ಹೊರಗೆ ಬಿದ್ದಿದ್ದರೆ, ಉತ್ತರ ಏನೇ ಬಂದಿರಲಿ ದೋಷ ಇದೆ ಅಂತಲೇ ಲೆಕ್ಕ. ಇಎಸಿಸಿಇಎಸ್ ಬಂತು ಅಂದರೆ ಆ ಒಂದು ಫೈಲ್‌ಗೆ ಪರ್ಮಿಷನ್ ಇರಲಿಲ್ಲ, ಅಷ್ಟೇ. ಪಕ್ಕದ ಫೈಲ್‌ಗೆ ಇರಬಹುದು. ಇಎನ್ಒಇಎನ್‌ಟಿ (ಅಂಥದ್ದು ಇಲ್ಲ) ಬಂತು ಅಂದರೆ ನಡುವೆ ಇರುವ ಯಾವುದೋ ಫೋಲ್ಡರ್ ಹೆಸರು ತಪ್ಪಿರಬಹುದು. ಇಲ್ಲದ ಫೋಲ್ಡರ್‌ನ ಒಳಗೆ ಹೋಗಿ ../ ಅಂತ ವಾಪಸ್ ಬರಲು ಲಿನಕ್ಸ್ ಕರ್ನಲ್ ಬಿಡುವುದಿಲ್ಲ. ಆದರೆ ಪಾತನ್ನು ಬರೀ ಅಕ್ಷರವಾಗಿ ಬಿಡಿಸುವ ಲೈಬ್ರರಿಗಳು ಬಿಡುತ್ತವೆ.

ಯಾವ ಪದರದಲ್ಲಿ ತಪ್ಪುತ್ತಿದೆ

ಈ ದೋಷದ ಬೇರು ಹೆಚ್ಚಿನ ಸಲ ಇರುವುದು ಇಲ್ಲೇ. ಒಂದೇ ಪಾತನ್ನು ಇಬ್ಬರು ಓದುತ್ತಾರೆ, ಇಬ್ಬರೂ ಬೇರೆ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಒಬ್ಬರು ಪರೀಕ್ಷೆ ಮಾಡಿ "ಸರಿ ಇದೆ" ಅಂತ ಬಿಡುತ್ತಾರೆ. ಇನ್ನೊಬ್ಬರು ಅದನ್ನು ಮತ್ತೆ ಬಿಡಿಸಿದಾಗ ಬೇರೆಯೇ ಫೈಲ್ ಆಗುತ್ತದೆ.

2020ರಲ್ಲಿ ಎಫ್5 ಕಂಪನಿಯ ಬಿಗ್-ಐಪಿ ಅನ್ನುವ ನೆಟ್‌ವರ್ಕ್ ಡಿವೈಸ್‌ನಲ್ಲಿ ಸಿಕ್ಕ ದೋಷ, ಸಿವಿಇ-2020-5902 (ಸಿವಿಇ ಅಂದರೆ ಬಯಲಾದ ದೋಷಕ್ಕೆ ಕೊಡುವ ನಂಬರ್), ಇದಕ್ಕೆ ಒಳ್ಳೆಯ ಉದಾಹರಣೆ. ಮುಂದೆ ಅಪಾಚೆ, ಹಿಂದೆ ಜಾವಾ ಆ್ಯಪ್ ಓಡಿಸುವ ಟಾಮ್‌ಕ್ಯಾಟ್. ದಾಳಿ ಮಾಡುವವರು ..;/ ಅಂತ ಕಳಿಸಿದರು. ಅಪಾಚೆಗೆ ಅದು ವಿಚಿತ್ರ ಹೆಸರಿನ ಒಂದು ಫೋಲ್ಡರ್, ಅಷ್ಟೇ. ಟಾಮ್‌ಕ್ಯಾಟ್ ಸೆಮಿಕೋಲನ್‌ನಿಂದ ಮುಂದಿನದನ್ನು ತೆಗೆದುಹಾಕಿ ಅದನ್ನು ../ ಅಂತ ಓದಿತು. ಲಾಗಿನ್ ಇಲ್ಲದೆ ಒಳಗಿನ ಪುಟಗಳು ತೆರೆದುಕೊಂಡವು. ಅದಕ್ಕೆ ಸಿಕ್ಕ ತೀವ್ರತೆಯ ಅಂಕ 10ಕ್ಕೆ 10.

ಅಪಾಚೆಯ ಕಥೆ ಇನ್ನೂ ಹತ್ತಿರದ್ದು. 2.4.49ರಲ್ಲಿ ಪಾತ್ ಶುದ್ಧ ಮಾಡುವ ಕೋಡ್ ಬದಲಾಯಿಸಿದ್ದರು. ಎರಡು ಚುಕ್ಕಿಯಲ್ಲಿ ಎರಡನೆಯದನ್ನು ಎನ್‌ಕೋಡ್ ಮಾಡಿ .%2ಇ/ ಅಂತ ಕೊಟ್ಟರೆ ಪರೀಕ್ಷೆ ದಾಟಿಬಿಡುತ್ತಿತ್ತು. 2021ರ ಅಕ್ಟೋಬರ್ 4ಕ್ಕೆ 2.4.50 ಬಂತು. ಅದೂ ಪೂರ್ತಿ ಸರಿಯಾಗಿರಲಿಲ್ಲ. %%32%65 ಅಂತ ಕಳಿಸಿದರೆ ಮೊದಲ ಡಿಕೋಡ್‌ನಲ್ಲಿ %2ಇ ಆಗಿ, ಎರಡನೆಯದರಲ್ಲಿ ಚುಕ್ಕಿ ಆಗುತ್ತಿತ್ತು. ಅಕ್ಟೋಬರ್ 7ಕ್ಕೆ 2.4.51 ಬಿಡಬೇಕಾಯಿತು. ಹೊರಗಿನ ಫೋಲ್ಡರ್‌ಗಳಿಗೆಲ್ಲ "ರಿಕ್ವೈರ್ ಆಲ್ ಡಿನೈಡ್" ಅಂತ ಹಾಕಿಟ್ಟವರು ಈ ಎರಡರಿಂದಲೂ ಬಚಾವಾದರು. ನಿಮ್ಮ ಕಾನ್ಫಿಗ್‌ನಲ್ಲಿ ಆ ಸಾಲು ಇದೆಯಾ, ಇವತ್ತೇ ನೋಡಿ.

ಎಂಜಿನ್‌ಎಕ್ಸ್ ಬಳಸುವವರು ಎರಡು ಜಾಗ ನೋಡಬೇಕು. ರಿಕ್ವೆಸ್ಟನ್ನು ಹಿಂದಿನ ಆ್ಯಪ್‌ಗೆ ದಾಟಿಸುವ ಪ್ರಾಕ್ಸಿ-ಪಾಸ್ ಸಾಲಿನಲ್ಲಿ ಬರೀ ಹೋಸ್ಟ್ ಕೊಟ್ಟಿದ್ದರೆ ಬಂದ ಪಾತ್ ಹಾಗೇ ಹಿಂದಕ್ಕೆ ಹೋಗುತ್ತದೆ. ಕೊನೆಗೆ ಒಂದು ಸ್ಲ್ಯಾಶ್ ಸೇರಿಸಿದ್ದರೂ ಸಾಕು, ಡಿಕೋಡ್ ಮಾಡಿ ಶುದ್ಧ ಮಾಡಿದ ಪಾತ್ ಹೋಗುತ್ತದೆ. ಒಂದು ಸ್ಲ್ಯಾಶ್‌ನಿಂದ ಹಿಂದಿನ ಆ್ಯಪ್‌ಗೆ ಕಾಣುವುದೇ ಬೇರೆಯಾಗುತ್ತದೆ. ಎರಡನೆಯದು ಏಲಿಯಸ್, ಅಂದರೆ ಒಂದು ವೆಬ್ ವಿಳಾಸಕ್ಕೆ ಡಿಸ್ಕ್‌ನ ಯಾವ ಫೋಲ್ಡರ್ ಅಂತ ಹೇಳುವ ಸಾಲು. ಲೊಕೇಶನ್ /ಸ್ಟ್ಯಾಟಿಕ್ ಅಂತ ಸ್ಲ್ಯಾಶ್ ಇಲ್ಲದೆ ಬರೆದು, ಏಲಿಯಸ್‌ಗೆ ಮಾತ್ರ ಕೊನೆಯಲ್ಲಿ ಸ್ಲ್ಯಾಶ್ ಹಾಕಿದ್ದರೆ, /ಸ್ಟ್ಯಾಟಿಕ್../.ಎನ್ವ್ ಅಂತ ಕೇಳಿದವರಿಗೆ ಎನ್ವ್ ಫೈಲ್ ಸಿಗುತ್ತದೆ. ಇದರಲ್ಲಿ ಆ್ಯಪ್‌ನ ಪಾತ್ರವೇ ಇಲ್ಲ. ಎಷ್ಟು ಕೋಡ್ ಓದಿದರೂ ದೋಷ ಸಿಗುವುದಿಲ್ಲ.

ಕೋಡ್ ಸರಿ ಮಾಡುವುದು

ಡ್ರಾಯಿಂಗ್ ಪೋರ್ಟಲ್‌ನ ಕೋಡ್‌ನಲ್ಲಿ ಫೋಲ್ಡರ್ ಮತ್ತು ಬಂದ ಹೆಸರನ್ನು ಪೈಥಾನ್‌ನ ಪಾತ್-ಜಾಯಿನ್‌ಗೆ ಕೊಟ್ಟು, ಬಂದ ಫೈಲ್ ತೆರೆಯುತ್ತಾರೆ. ಈ ಜಾಯಿನ್‌ಗೆ ಒಂದು ಗುಣ ಇದೆ. ಎರಡನೇ ಭಾಗ ಸ್ಲ್ಯಾಶ್‌ನಿಂದ ಶುರುವಾದರೆ ಮೊದಲನೆಯದನ್ನು ಬಿಸಾಡಿಬಿಡುತ್ತದೆ. ಫೈಲ್=/ಇಟಿಸಿ/ಪಾಸ್‌ಡಬ್ಲ್ಯುಡಿ ಅಂತ ಕೊಟ್ಟರೆ ಒಂದು ಚುಕ್ಕಿಯೂ ಇಲ್ಲದೆ ಕೆಲಸ ಆಗುತ್ತದೆ. ಲಾಗ್‌ನಲ್ಲಿ =/ ಹುಡುಕಿ ಅಂದದ್ದು ಇದಕ್ಕೇ.

ಸಾಮಾನ್ಯವಾಗಿ ಎಲ್ಲರೂ ಮೊದಲು ಮಾಡುವ ರಿಪೇರಿ: ಬಂದ ಹೆಸರಿನಲ್ಲಿ ../ ಇದ್ದರೆ ಅಳಿಸುವುದು. ದಯವಿಟ್ಟು ಇದನ್ನು ಮಾಡಬೇಡಿ. ....// ಅಂತ ಕಳಿಸಿದರೆ ನಡುವಿನ ../ ಅಳಿಸಿಹೋಗಿ, ಉಳಿದದ್ದು ಕೂಡಿಕೊಂಡು ಮತ್ತೆ ../ ಆಗುತ್ತದೆ. ಇನ್ನು ಕೆಲವರು ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನೂ ಬರಬಾರದು ಅಂತ ಬಿಗಿ ಮಾಡುತ್ತಾರೆ. ದೋಷ ನಿಲ್ಲಬಹುದು, ಆದರೆ ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳೆಲ್ಲ ಒಂದೇ ಏಟಿಗೆ ನಿಂತುಹೋಗುತ್ತವೆ. ಮಾರನೇ ದಿನ ಗ್ರಾಹಕರ ಫೋನ್ ಬಂದು, ಯಾರೋ ಆ ಸಾಲನ್ನೇ ಕಿತ್ತುಹಾಕುತ್ತಾರೆ.

ಅಕ್ಷರ ಸೋಸುವುದು ಬೇಡ. ಪಾತ್ ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಅಂತ ನೋಡಿ. ಫೋಲ್ಡರ್ ಜೊತೆ ಸೇರಿಸಿ, ../ ಮತ್ತು ಸಿಮ್‌ಲಿಂಕ್ (ಬೇರೆ ಫೈಲ್‌ನತ್ತ ಕೈ ತೋರಿಸುವ ಕೊಂಡಿ) ಎಲ್ಲ ಬಿಡಿಸಿ, ನಿಜವಾದ ಪೂರ್ತಿ ಪಾತ್ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ ರಿಸಾಲ್ವ್, ಜಾವಾದಲ್ಲಿ ಟು-ರಿಯಲ್-ಪಾತ್. ಆಮೇಲೆ ಅದು ಡ್ರಾಯಿಂಗ್ ಫೋಲ್ಡರ್ ಒಳಗಿದೆಯಾ ಅಂತ ಪರೀಕ್ಷಿಸಿ. ಈ ಪರೀಕ್ಷೆಯನ್ನು ಅಕ್ಷರದ ಸ್ಟಾರ್ಟ್ಸ್-ವಿತ್‌ನಿಂದ ಮಾಡಬೇಡಿ. ಪಕ್ಕದಲ್ಲಿ "ಡ್ರಾಯಿಂಗ್-ಹಳೆಯದು" ಅಂತ ಫೋಲ್ಡರ್ ಇದ್ದರೆ ಅದರ ಹೆಸರೂ "ಡ್ರಾಯಿಂಗ್" ಅಂತಲೇ ಶುರುವಾಗುತ್ತದೆ ಅಲ್ವಾ? ಪೈಥಾನ್ 3.9ರಿಂದ ಈಸ್-ರಿಲೇಟಿವ್-ಟು ಇದೆ, ಅದು ಫೋಲ್ಡರ್ ಫೋಲ್ಡರ್ ಆಗಿ ಹೋಲಿಸುತ್ತದೆ. ಗೋ ಭಾಷೆಯವರಿಗೆ 1.24ರಲ್ಲಿ ಓಎಸ್-ರೂಟ್ ಬಂದಿದೆ. ಸಿ ಬರೆಯುವವರಿಗೆ ಲಿನಕ್ಸ್ 5.6ರಿಂದ ಓಪನ್‌ಅಟ್2 ಇದೆ, ರಿಸಾಲ್ವ್-ಬಿನೀತ್ ಅಂತ ಹೇಳಿದರೆ ಹೊರಗೆ ಹೋಗದಂತೆ ಕರ್ನಲ್ಲೇ ತಡೆಯುತ್ತದೆ. ಪರೀಕ್ಷೆಗೂ ತೆರೆಯುವುದಕ್ಕೂ ನಡುವೆ ಸಿಮ್‌ಲಿಂಕ್ ಬದಲಾಯಿಸುವ ಆಟವೂ ಅಲ್ಲಿ ನಡೆಯುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಅಂದರೆ ಫೈಲ್ ಹೆಸರನ್ನು ಹೊರಗಿನಿಂದ ತೆಗೆದುಕೊಳ್ಳದೇ ಇರುವುದು. ಮಷಿನ್ ಶಾಪ್‌ನಲ್ಲಿ ಪ್ರತಿ ಡ್ರಾಯಿಂಗ್‌ಗೂ ಒಂದು ನಂಬರ್ ಇದ್ದೇ ಇರುತ್ತದೆ. ನಂಬರ್ ತೆಗೆದುಕೊಳ್ಳಿ, ಡೇಟಾಬೇಸ್‌ನಲ್ಲಿ ಹುಡುಕಿ, ಅಲ್ಲಿರುವ ಪಾತ್ ತೆರೆಯಿರಿ. ಆ ಡ್ರಾಯಿಂಗ್ ಈ ಗ್ರಾಹಕರದ್ದೇನಾ ಅಂತ ಕೇಳುವ ಸಾಲನ್ನೂ ಅಲ್ಲೇ ಸೇರಿಸಬಹುದು.

ಅಪ್‌ಲೋಡ್ ಇದ್ದರೆ ಅದನ್ನೂ ಬಿಡಬೇಡಿ. ವೆಂಡರ್ ಕಳಿಸಿದ ಜಿಪ್ ಅಥವಾ ಟಾರ್ ಒಳಗಿನ ಫೈಲ್ ಹೆಸರಿನಲ್ಲೇ ../ ಇರಬಹುದು. ಬಿಚ್ಚುವಾಗ ನಿಮ್ಮ ಕಾನ್ಫಿಗ್ ಮೇಲೆ ಬರೆದುಬಿಡುತ್ತದೆ. 2018ರಲ್ಲಿ ಜಿಪ್ ಸ್ಲಿಪ್ ಅಂತ ಸುದ್ದಿಯಾದದ್ದು ಇದೇ. ಪೈಥಾನ್‌ನಲ್ಲಿ ಟಾರ್ ಬಿಚ್ಚುವಾಗ ಫಿಲ್ಟರ್‌ಗೆ "ಡೇಟಾ" ಅಂತ ಕೊಡಿ.

ಕೋಡ್ ಕೈಯಲ್ಲಿ ಇಲ್ಲದಿದ್ದಾಗ

ರೌಟರ್, ವಿಪಿಎನ್ ಬಾಕ್ಸ್, ಸಿಸಿ ಕ್ಯಾಮೆರಾದ ರೆಕಾರ್ಡರ್. ಎಸ್.ಪಿ. ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ತಂದದ್ದಾದರೆ ಮೊದಲು ಫರ್ಮ್‌ವೇರ್ ವರ್ಷನ್ ನೋಡಿ, ಆಮೇಲೆ ನೆಟ್‌ವರ್ಕ್‌ಗೆ ಸಿಕ್ಕಿಸಿ. ಮೈಕ್ರೋಟಿಕ್ ರೌಟರ್‌ಗಳನ್ನು ನಿರ್ವಹಿಸುವ ವಿನ್‌ಬಾಕ್ಸ್‌ನಲ್ಲಿ 2018ರಲ್ಲಿ ಸಿಕ್ಕ ದೋಷ ಇದೇ ಜಾತಿಯದ್ದು. 8291 ಪೋರ್ಟ್ ಹೊರಗೆ ತೆರೆದಿದ್ದರೆ ಲಾಗಿನ್ ಇಲ್ಲದೆ ಯೂಸರ್ ಡೇಟಾಬೇಸ್ ಫೈಲ್ ಓದಬಹುದಿತ್ತು. ಅಡ್ಮಿನ್ ಪೇಜ್‌ಗಳು ಇಂಟರ್‌ನೆಟ್‌ಗೆ ಕಾಣಲೇಬಾರದು.

ಪ್ಯಾಚ್ ಹಾಕಿದ ಮೇಲೆ ಪಾಸ್‌ವರ್ಡ್ ಬದಲಾಯಿಸುವುದನ್ನು ಮರೆಯಬೇಡಿ. ಫೋರ್ಟಿನೆಟ್‌ನ ವಿಪಿಎನ್‌ನಲ್ಲಿ ಇದ್ದ ಸಿವಿಇ-2018-13379ರಿಂದ ಯೂಸರ್ ಹೆಸರು, ಪಾಸ್‌ವರ್ಡ್ ಎರಡೂ ಇರುವ ಸೆಷನ್ ಫೈಲ್ ಸಿಗುತ್ತಿತ್ತು. 2019ರಲ್ಲೇ ಪ್ಯಾಚ್ ಬಂದಿತ್ತು. 2021ರಲ್ಲಿ ಸುಮಾರು 87,000 ಡಿವೈಸ್‌ಗಳ ಪಾಸ್‌ವರ್ಡ್‌ಗಳನ್ನು ಯಾರೋ ಬಯಲು ಮಾಡಿದರು. ತಡವಾಗಿ ಪ್ಯಾಚ್ ಹಾಕಿ, ಪಾಸ್‌ವರ್ಡ್ ಹಳೆಯದೇ ಇಟ್ಟುಕೊಂಡವರಿಗೆ ಆ ಪ್ಯಾಚ್‌ನಿಂದ ಏನೂ ಉಪಯೋಗವಾಗಲಿಲ್ಲ.

ಹೋದದ್ದು ಏನು, ತಿಳಿಸಬೇಕಾದ್ದು ಯಾರಿಗೆ

ಲಾಗ್‌ನ ಕಾಪಿಗೆ ವಾಪಸ್ ಹೋಗಿ. ದಾಳಿಯ ಸಾಲುಗಳು ಯಾವ ಐಪಿ ವಿಳಾಸದಿಂದ ಬಂದಿವೆಯೋ ಅದರ ಹೆಸರಿನಲ್ಲಿ 200 ಇರುವ ಪ್ರತಿ ಸಾಲಿಗೂ ಯಾವ ಫೈಲ್, ಎಷ್ಟು ಬೈಟ್ ಅಂತ ಪಟ್ಟಿ ಮಾಡಿ. ಐಪಿ ಬದಲಾಗುತ್ತಿರುತ್ತದೆ, ಹಾಗಾಗಿ ಪಾತ್‌ನಿಂದಲೂ ಹುಡುಕಿ. ಪಟ್ಟಿಯಲ್ಲಿ ಎನ್ವ್ ಫೈಲ್ ಇದ್ದರೆ ಅದರೊಳಗಿನ ಪ್ರತಿ ಕೀ ಬದಲಾಯಿಸಬೇಕು. ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿ ಸೆಷನ್ ಸೀಕ್ರೆಟ್ ಬಿಟ್ಟರೆ, ಅವರು ಅಡ್ಮಿನ್ ಆಗಿಯೇ ಕುಕಿ ತಯಾರಿಸಿಕೊಂಡು ಬರಬಹುದು.

ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಗೊತ್ತಿರುವಷ್ಟು ಬರೆದು ಕಳಿಸಿ, ಪೂರ್ತಿ ತನಿಖೆ ಮುಗಿಯಲಿ ಅಂತ ಕಾಯಬೇಡಿ. ಡ್ರಾಯಿಂಗ್ ಯಾರದ್ದು ಹೋಗಿದೆಯೋ ಆ ಗ್ರಾಹಕರಿಗೂ ನೀವೇ ಫೋನ್ ಮಾಡಿ ಹೇಳಿ. ಬೇರೆ ಕಡೆಯಿಂದ ಅವರ ಕಿವಿಗೆ ಬೀಳಬಾರದು.

ಅದೇ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಡಬೇಕು ಅಂತಲೂ ಇದೆ. ಉಬುಂಟುನಲ್ಲಿ ಎಂಜಿನ್‌ಎಕ್ಸ್ ಹಾಕಿದರೆ ಹಳೆಯ ಲಾಗ್ ತೆಗೆಯುವ ಲಾಗ್‌ರೊಟೇಟ್ ಸಾಮಾನ್ಯವಾಗಿ ದಿನಕ್ಕೊಂದರಂತೆ 14 ಇಟ್ಟುಕೊಂಡು ಹಳೆಯದನ್ನು ಅಳಿಸುತ್ತದೆ. ಎರಡು ವಾರಕ್ಕಿಂತ ಹಿಂದೆ ಯಾರು ಬಂದಿದ್ದರು ಅಂತ ಗೊತ್ತಾಗುವುದೇ ಇಲ್ಲ. ಆ 14 ಅನ್ನು 180 ಮಾಡಿ, ಡಿಸ್ಕ್‌ನಲ್ಲಿ ಜಾಗ ಇದೆಯಾ ನೋಡಿ, ಪೋರ್ಟಲ್ ಆ್ಯಪ್ ಓಡುವ ಯೂಸರ್ ಅಕೌಂಟ್‌ಗೆ ಓದಲು ಪರ್ಮಿಷನ್ ಇಲ್ಲದ ಇನ್ನೊಂದು ಮಷಿನ್‌ಗೆ ಪ್ರತಿ ರಾತ್ರಿ ಕಾಪಿ ಹೋಗುವಂತೆ ಇಡಿ.